ಇರಾನಿನ ರಾಜಕೀಯ ಬಣಗಳು ಮತ್ತು ವಿದೇಶಿ ಟೆಕ್ ಕಂಪನಿಗಳು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಮಣಿಪಾಲ, ಉಡುಪಿಯ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ದುಬೈ ಮೂಲಕ ಇರಾನಿನ ಕೆಲಸ ಬರುವುದುಂಟು. ಹಡಗಿನಲ್ಲಿ ದುಡಿಯುವ ನಮ್ಮ ಹುಡುಗರು ಬಂದರ್ ಅಬ್ಬಾಸ್‌ಗೆ ಹೋಗುವುದುಂಟು. ಇರಾನ್ ತೈಲ ಸಂಸ್ಕರಿಸುತ್ತಿದ್ದ ಎಂಆರ್‌ಪಿಎಲ್‌ನಿಂದಾಗಿ ಇರಾನ್ ಎಂಬ ಹೆಸರು ಈ ಊರಿಗೆ ಹೊಸದೇನಲ್ಲ. ಈ ಪುಟ ಅಂಥವರಿಗಾಗಿ.

ಸರ್ವಾಧಿಕಾರ ಅಂದಮೇಲೆ ಎಲ್ಲ ಒಬ್ಬರ ಮಾತಿನಂತೆ ನಡೆಯುತ್ತದಲ್ಲ? ಬಣ ಎಲ್ಲಿಂದ ಬಂತು?

ಕೊನೆಯ ಮಾತು ಒಬ್ಬರದೇ, ಸರ್ವೋಚ್ಚ ನಾಯಕನದು. ಆದರೆ ಆ ಮಾತು ಹೊರಬೀಳುವ ಮೊದಲು ಕೆಳಗಿನವರು ಕಚ್ಚಾಡಲು ಬೇಕಾದಷ್ಟು ಜಾಗ ಇದೆ. ಜನರ ಮತದಿಂದ ಬರುವ ಅಧ್ಯಕ್ಷ ಮತ್ತು ಅವನ ಸಚಿವರು ಒಂದು ಕಡೆ. ನ್ಯಾಯಾಂಗ, ರೆವಲ್ಯೂಷನರಿ ಗಾರ್ಡ್ಸ್ ಎಂಬ ಸೇನಾಪಡೆ, ಸರ್ಕಾರಿ ಟಿವಿ, ಬೊನ್ಯಾದ್ ಎಂಬ ಬೃಹತ್ ಪ್ರತಿಷ್ಠಾನಗಳು ಇನ್ನೊಂದು ಕಡೆ. ಇವು ಅಧ್ಯಕ್ಷನಿಗೆ ಲೆಕ್ಕ ಕೊಡುವುದಿಲ್ಲ. ಮಜ್ಲಿಸ್, ಅಂದರೆ ಸಂಸತ್ತು, ಯಾರ ಕಡೆ ವಾಲುತ್ತದೆ ಎಂಬುದು ಗಾರ್ಡಿಯನ್ ಕೌನ್ಸಿಲ್ ಯಾವ ಅಭ್ಯರ್ಥಿಗಳನ್ನು ಕಣದಲ್ಲಿ ಉಳಿಸಿತು ಎಂಬುದರ ಮೇಲೆ ನಿಂತಿದೆ.

ಜೋಡಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಪೈಪೋಟಿಯ ಚೆಂಡೆ. ವ್ಯತ್ಯಾಸ ಇಷ್ಟೇ, ಇಲ್ಲಿ ಒಂದು ಮೇಳದ ಕೈಯಲ್ಲಿ ಇನ್ನೊಂದರ ದೀಪ ಆರಿಸುವ ಸ್ವಿಚ್ಚೂ ಇದೆ. ವಿದೇಶಿ ಕಂಪನಿ ಟಿಕೆಟ್ ಕೊಂಡಿರುವುದು ಸಾಮಾನ್ಯವಾಗಿ ಸ್ವಿಚ್ಚಿಲ್ಲದ ಮೇಳದ್ದು.

ಹಾಗಾದರೆ ಪರವಾನಗಿ ಕೊಡುವವರು ಯಾರು, ಬಾಗಿಲು ಹಾಕುವವರು ಯಾರು?

ಟೆಲಿಕಾಂ ಪರವಾನಗಿ, ತರಂಗಾಂತರ ಕೊಡುವುದು ಸಂಪರ್ಕ ಸಚಿವಾಲಯ ಮತ್ತು ಅದರ ಕೆಳಗಿನ ನಿಯಂತ್ರಣ ಪ್ರಾಧಿಕಾರ. ಅಂದರೆ ಅಧ್ಯಕ್ಷನ ಕಡೆಯವರು. ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ಮುಚ್ಚಿಸುವುದು 2009ರ ಕಂಪ್ಯೂಟರ್ ಅಪರಾಧ ಕಾಯ್ದೆಯಡಿ ಬಂದ ಫಿಲ್ಟರಿಂಗ್ ಸಮಿತಿ. ಅದರ ಅಧ್ಯಕ್ಷ ಪ್ರಾಸಿಕ್ಯೂಟರ್ ಜನರಲ್, ನ್ಯಾಯಾಂಗದವರು. ಸಚಿವರೂ ಅಲ್ಲಿ ಕೂರುತ್ತಾರೆ, ಆದರೆ ಬಹುಮತ ಅವರದಲ್ಲ. ಸಾಲದ್ದಕ್ಕೆ ಯಾವುದೋ ಒಂದು ನ್ಯಾಯಾಲಯದ ನ್ಯಾಯಾಧೀಶರೂ ನೇರವಾಗಿ ಆದೇಶ ಕೊಡಬಹುದು. ಇವೆಲ್ಲದರ ಮೇಲೆ 2012ರಲ್ಲಿ ಆಗಿನ ಸರ್ವೋಚ್ಚ ನಾಯಕ ಖಮೇನಿ ಆದೇಶದಿಂದ ಹುಟ್ಟಿದ ಸೈಬರ್‌ಸ್ಪೇಸ್ ಸರ್ವೋಚ್ಚ ಮಂಡಳಿ ಇದೆ.

ಹಾಗಾಗಿ 'ಸಚಿವರೇ ಒಪ್ಪಿದ್ದಾರೆ' ಎಂಬ ಮಾತಿಗೆ ತೆಹ್ರಾನ್‌ನಲ್ಲಿ ಅರ್ಧ ಬೆಲೆ. ಸಚಿವರು ಸುಳ್ಳು ಹೇಳುತ್ತಾರೆಂದಲ್ಲ, ಒಪ್ಪಿದ್ದನ್ನು ಕಾಪಾಡುವ ಅಧಿಕಾರ ಅವರಲ್ಲಿಲ್ಲ.

ಒಂದು ಉದಾಹರಣೆ ಕೊಡಿ. ಬಣ ಜಗಳದಿಂದ ಕಂಪನಿಯೊಂದು ನಿಜವಾಗಿ ಹೊರಬಿದ್ದದ್ದುಂಟೇ?

ಟರ್ಕಿಯ ಟರ್ಕ್‌ಸೆಲ್. ಇದನ್ನು ಬಿಡಿಸಿ ನೋಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಎಲ್ಲ ಪ್ರಕರಣಗಳ ಅಚ್ಚು ಇಲ್ಲೇ ಇದೆ.

2004ರ ಫೆಬ್ರವರಿಯಲ್ಲಿ ಇರಾನಿನ ಎರಡನೇ ಮೊಬೈಲ್ ಜಾಲದ ಟೆಂಡರನ್ನು ಟರ್ಕ್‌ಸೆಲ್ ಗೆದ್ದಿತು. ಅಧ್ಯಕ್ಷರು ಸುಧಾರಣಾವಾದಿ ಖಾತಮಿ. ಪರವಾನಗಿ ಶುಲ್ಕ 30 ಕೋಟಿ ಯೂರೋ. ಒಕ್ಕೂಟದಲ್ಲಿ ಟರ್ಕ್‌ಸೆಲ್ ಪಾಲು ಶೇ. 70. ಅದೇ ತಿಂಗಳು ಮಜ್ಲಿಸ್ ಚುನಾವಣೆ ನಡೆಯಿತು, ಗಾರ್ಡಿಯನ್ ಕೌನ್ಸಿಲ್ ಸುಧಾರಣಾವಾದಿಗಳನ್ನು ಸಾಲು ಸಾಲಾಗಿ ಅನರ್ಹಗೊಳಿಸಿತು, ಮೇ ಕೊನೆಗೆ ಸಂಪ್ರದಾಯವಾದಿಗಳ ಸಂಸತ್ತು ಕುಳಿತಿತು.

ಗಾಳಿ ಎತ್ತ ಬೀಸುತ್ತಿದೆ ಎಂಬುದು ಅದಕ್ಕೂ ಮೊದಲೇ ತಿಳಿದಿತ್ತು. 2004ರ ಮೇ 8ರಂದು ತೆಹ್ರಾನಿನ ಹೊಸ ಇಮಾಮ್ ಖೊಮೇನಿ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ ರೆವಲ್ಯೂಷನರಿ ಗಾರ್ಡ್ಸ್ ರನ್‌ವೇಗೆ ವಾಹನ ಇಳಿಸಿ ನಿಲ್ದಾಣ ಮುಚ್ಚಿಸಿದರು. ಟರ್ಮಿನಲ್ ನಡೆಸಬೇಕಿದ್ದದ್ದು ಟರ್ಕಿಯದೇ ಟಿಎವಿ ಎಂಬ ಸಂಸ್ಥೆ. ಅದಕ್ಕೆ ಇಸ್ರೇಲ್ ನಂಟಿದೆ, ರಾಷ್ಟ್ರದ ಭದ್ರತೆಗೆ ಅಪಾಯ ಎಂಬುದು ಕೊಟ್ಟ ಕಾರಣ. ಅಕ್ಟೋಬರ್‌ನಲ್ಲಿ ಸಾರಿಗೆ ಸಚಿವ ಅಹ್ಮದ್ ಖೊರ್ರಮ್ ಅವರನ್ನು ಮಜ್ಲಿಸ್ ವಾಗ್ದಂಡನೆ ಮಾಡಿ ಕೆಳಗಿಳಿಸಿತು.

ನಡುವೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕಾಯ್ದೆ ಬಂತು: ಇಂಥ ವಿದೇಶಿ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಬೇಕು. ಟರ್ಕ್‌ಸೆಲ್ ಮೇಲೂ ಅದೇ ಇಸ್ರೇಲ್ ಆರೋಪ. 2005ರ ಫೆಬ್ರವರಿಯಲ್ಲಿ ಅದರ ಪಾಲನ್ನು ಶೇ. 49ಕ್ಕೆ ಇಳಿಸಬೇಕೆಂದು ಮಜ್ಲಿಸ್ ಮತ ಹಾಕಿತು. ಮಾತುಕತೆ ಎಳೆದಾಡಿ, ಆ ವರ್ಷದ ನವೆಂಬರ್‌ನಲ್ಲಿ ಶೇ. 49 ಪಾಲಿನೊಂದಿಗೆ ಪರವಾನಗಿ ದಕ್ಷಿಣ ಆಫ್ರಿಕಾದ ಎಂಟಿಎನ್‌ಗೆ ಹೋಯಿತು. ಉಳಿದ ಶೇ. 51 ಯಾರದು ಎಂದು ನೋಡಿದರೆ ಜಗಳದ ಗುಟ್ಟು ಬಯಲಾಗುತ್ತದೆ: ಬೊನ್ಯಾದ್ ಮೊಸ್ತಜಫಾನ್ ಮತ್ತು ರಕ್ಷಣಾ ಸಚಿವಾಲಯದ ಇರಾನ್ ಎಲೆಕ್ಟ್ರಾನಿಕ್ಸ್ ಇಂಡಸ್ಟ್ರೀಸ್ ಸೇರಿ ಮಾಡಿಕೊಂಡ ಕಂಪನಿಯದು.

ವಿದೇಶಿಯರೇ ಬೇಡ ಎಂಬ ಜಗಳ ಅದಾಗಿರಲಿಲ್ಲ. ವಿದೇಶಿಯ ಜೊತೆ ಪಾಲುದಾರ ಯಾರಾಗಬೇಕು ಎಂಬುದು ಪ್ರಶ್ನೆಯಾಗಿತ್ತು. ರಾಷ್ಟ್ರೀಯ ಭದ್ರತೆ ಎಂಬ ಮಾತು ಕೇಳಿದಾಗ ಮೊದಲು ಷೇರು ಪಟ್ಟಿ ತೆರೆಯಿರಿ ಎಂದು ನಾವು ಹೇಳುವುದು ಇದಕ್ಕೇ.

ಎಂಟಿಎನ್ ಗೆದ್ದಂತಾಯಿತಲ್ಲ?

ಗ್ರಾಹಕರ ಲೆಕ್ಕದಲ್ಲಿ ಹೌದು, ಆ ಎರಡನೇ ಜಾಲ ನಡೆಸುವ ಇರಾನ್‌ಸೆಲ್ ಕೋಟಿಗಟ್ಟಲೆ ಚಂದಾದಾರರ ಕಂಪನಿಯಾಯಿತು. ಆದರೆ ನಿರ್ಬಂಧಗಳು ಬಿಗಿಯಾದ ಮೇಲೆ ಲಾಭದ ಹಣ ವರ್ಷಗಟ್ಟಲೆ ಇರಾನ್‌ನಲ್ಲೇ ಸಿಕ್ಕಿಹಾಕಿಕೊಂಡಿತು. 2016ರಲ್ಲಿ ಅಣು ಒಪ್ಪಂದದ ಜಾರಿಯಾದ ಬಳಿಕವಷ್ಟೇ ದೊಡ್ಡ ಮೊತ್ತ ಹೊರಬರತೊಡಗಿತು. 2012ರಲ್ಲಿ ಟರ್ಕ್‌ಸೆಲ್ 420 ಕೋಟಿ ಡಾಲರ್ ಪರಿಹಾರ ಕೇಳಿ ಅಮೆರಿಕದಲ್ಲಿ ದಾವೆ ಹೂಡಿತು. ಪರವಾನಗಿಗಾಗಿ ಎಂಟಿಎನ್ ಲಂಚ ಮತ್ತು ರಾಜಕೀಯ ಭರವಸೆ ಕೊಟ್ಟಿತ್ತೆಂಬುದು ಆರೋಪ. ಎಂಟಿಎನ್ ಅದನ್ನು ಅಲ್ಲಗಳೆದಿದೆ, ಅದೇ ನೇಮಿಸಿದ ತನಿಖಾ ಸಮಿತಿ 2013ರಲ್ಲಿ ಆರೋಪ ನಿಜವಲ್ಲ ಎಂದಿತು. ಮೊಕದ್ದಮೆ ಆಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಪಾಲುದಾರರಲ್ಲಿ ಇರಾನ್ ಎಲೆಕ್ಟ್ರಾನಿಕ್ಸ್ 2008ರಲ್ಲೂ ಬೊನ್ಯಾದ್ ಮೊಸ್ತಜಫಾನ್ 2020ರಲ್ಲೂ ಅಮೆರಿಕದ ನಿರ್ಬಂಧ ಪಟ್ಟಿ ಸೇರಿದವು. 2020ರಲ್ಲಿ ಎಂಟಿಎನ್ ಮಧ್ಯಪ್ರಾಚ್ಯದಿಂದಲೇ ಕಾಲ್ತೆಗೆಯುವುದಾಗಿ ಘೋಷಿಸಿತು.

ಇರಾನ್ ಟೆಲಿಕಾಂ ಖಾಸಗಿಯಾಗಿದೆಯಂತೆ. ಖಾಸಗಿಯವರ ಜೊತೆ ವ್ಯವಹಾರ ಮಾಡಿದರೆ ರಾಜಕೀಯ ಇರುವುದಿಲ್ಲ ಅಲ್ಲವೇ?

2009ರ ಸೆಪ್ಟೆಂಬರ್‌ನಲ್ಲಿ ಇರಾನ್ ಟೆಲಿಕಮ್ಯುನಿಕೇಶನ್ ಕಂಪನಿಯ ಶೇ. 50 ಮತ್ತು ಒಂದು ಷೇರನ್ನು ಸುಮಾರು 780 ಕೋಟಿ ಡಾಲರಿಗೆ ಮಾರಲಾಯಿತು. ಕೊಂಡದ್ದು ಎತೆಮಾದ್ ಮೊಬಿನ್ ಎಂಬ ಒಕ್ಕೂಟ, ಗಾರ್ಡ್ಸ್ ನಂಟಿನದು. ಕಣದಲ್ಲಿದ್ದ ನಿಜವಾದ ಖಾಸಗಿ ಸ್ಪರ್ಧಿಯನ್ನು ಹರಾಜಿನ ಹಿಂದಿನ ದಿನ ಭದ್ರತಾ ಕಾರಣ ಹೇಳಿ ಹೊರಗಿಟ್ಟರು. ಖಾಸಗಿ ಎಂಬ ಪದಕ್ಕೆ ಅಲ್ಲಿ ಸಚಿವರ ಕೈತಪ್ಪಿದ್ದು ಎಂದಷ್ಟೇ ಅರ್ಥ ಮಾಡಿಕೊಳ್ಳಿ.

ಉಪಕರಣ ಮಾರಿ ಬಂದರೆ ಸಾಕು, ಅವರು ಏನು ಮಾಡಿಕೊಂಡರೆ ನಮಗೇನು?

ನೋಕಿಯಾ ಸೀಮೆನ್ಸ್ ನೆಟ್‌ವರ್ಕ್ಸ್ ಹಾಗೇ ವಾದಿಸಿತ್ತು. 2008ರಲ್ಲಿ ಅದು ಇರಾನಿಗೆ ಮೊಬೈಲ್ ಜಾಲದ ಜೊತೆ ಕರೆಗಳ ಮೇಲೆ ನಿಗಾ ಇಡುವ ಕೇಂದ್ರವನ್ನೂ ಒದಗಿಸಿತು. ಕಾನೂನುಬದ್ಧ ಕದ್ದಾಲಿಕೆಯ ವ್ಯವಸ್ಥೆ ಬಹುತೇಕ ದೇಶಗಳ ಟೆಲಿಕಾಂ ಪರವಾನಗಿಯಲ್ಲಿ ಇರುತ್ತದೆ, ಭಾರತದಲ್ಲೂ ಇದೆ. ಸ್ವಿಚ್‌ನಲ್ಲಿರುವ ಇಂಟರ್‌ಸೆಪ್ಷನ್ ಸೌಲಭ್ಯ ಒಂದು, ಅದರಿಂದ ಬರುವುದನ್ನು ಕೂಡಿಸಿ ತೋರಿಸುವ ನಿಗಾ ಕೇಂದ್ರ ಇನ್ನೊಂದು. ಎರಡನೆಯದನ್ನು ಮಾರಿದ್ದೇ ಕುತ್ತಾದದ್ದು. 2009ರ ಜೂನ್‌ನಲ್ಲಿ ಚುನಾವಣಾ ಫಲಿತಾಂಶದ ವಿರುದ್ಧ ಜನ ಬೀದಿಗಿಳಿದಾಗ ಆ ಪರದೆಯ ಮುಂದೆ ಕುಳಿತಿದ್ದವರು ಯಾರು ಎಂಬ ಪ್ರಶ್ನೆ ಎದ್ದಿತು. ಇರಾನಿನ ಜನ ನೋಕಿಯಾ ಹ್ಯಾಂಡ್‌ಸೆಟ್ ಬಹಿಷ್ಕರಿಸಿದರು. 2010ರ ಜೂನ್‌ನಲ್ಲಿ ಕಂಪನಿಯ ಅಧಿಕಾರಿ ಯುರೋಪಿಯನ್ ಪಾರ್ಲಿಮೆಂಟಿನ ಮುಂದೆ ಬಂದು ವಿವರಣೆ ಕೊಡಬೇಕಾಯಿತು.

ಟೆಲಿಗ್ರಾಂ, ವಾಟ್ಸಾಪ್ ಮುಚ್ಚಿದ್ದು ಇಡೀ ಸರ್ಕಾರದ ತೀರ್ಮಾನವೇ?

ಅಲ್ಲ. ಬಣಗಳ ಹಗ್ಗಜಗ್ಗಾಟ ಕಣ್ಣಿಗೆ ಕಟ್ಟುವಂತೆ ಕಂಡದ್ದೇ ಇಲ್ಲಿ.

2014ರ ಮೇನಲ್ಲಿ ಫಿಲ್ಟರಿಂಗ್ ಸಮಿತಿ ವಾಟ್ಸಾಪ್ ಮುಚ್ಚಲು ಹೊರಟಿತು, ಅಧ್ಯಕ್ಷ ರೂಹಾನಿ ತಡೆದರು. ಸೆಪ್ಟೆಂಬರ್‌ನಲ್ಲಿ ಸಂಪರ್ಕ ಸಚಿವರಿಗೆ ನ್ಯಾಯಾಂಗವು ಒಂದು ತಿಂಗಳ ಗಡುವು ಕೊಟ್ಟು ಪತ್ರ ಬರೆಯಿತು, ಗಡುವು ಕಳೆದರೂ ಆ್ಯಪ್ ಉಳಿಯಿತು. 2017ರ ಏಪ್ರಿಲ್‌ನಲ್ಲಿ ಟೆಲಿಗ್ರಾಂನ ಧ್ವನಿ ಕರೆಗೆ ಸಚಿವಾಲಯ ಅನುಮತಿ ಕೊಟ್ಟ ಕೆಲವೇ ದಿನಗಳಲ್ಲಿ ನ್ಯಾಯಾಂಗ ಅದನ್ನು ನಿಲ್ಲಿಸಿತು. ಆ ವರ್ಷದ ಕೊನೆಯ ಪ್ರತಿಭಟನೆಗಳ ವೇಳೆ ಟೆಲಿಗ್ರಾಂ ಎರಡು ವಾರ ಬಂದ್ ಆಗಿ ಮತ್ತೆ ತೆರೆಯಿತು. ಆಗ ಅದಕ್ಕೆ ಇರಾನ್‌ನಲ್ಲಿ ಸುಮಾರು 4 ಕೋಟಿ ಬಳಕೆದಾರರು. 2018ರ ಏಪ್ರಿಲ್ 30ಕ್ಕೆ ತೆಹ್ರಾನಿನ ನ್ಯಾಯಾಲಯವೊಂದರ ಆದೇಶದಿಂದ ಪೂರ್ತಿ ಮುಚ್ಚಿತು. ಇದು ಸರ್ಕಾರ ಮಾಡಿದ್ದಲ್ಲ, ಸರ್ಕಾರಕ್ಕೆ ಒಪ್ಪಿಗೆಯೂ ಇಲ್ಲ ಎಂದು ಅಧ್ಯಕ್ಷರೇ ಸಾರ್ವಜನಿಕವಾಗಿ ಬರೆದರು. ದೇಶದ ಅಧ್ಯಕ್ಷ ಇನ್‌ಸ್ಟಾಗ್ರಾಂನಲ್ಲಿ ತನ್ನದೇ ರಾಜ್ಯವ್ಯವಸ್ಥೆಯ ವಿರುದ್ಧ ತಕರಾರು ಬರೆಯುವ ಸ್ಥಿತಿ!

ಅವರ ಸಂಪರ್ಕ ಸಚಿವ ಆಜರಿ ಜಹ್ರೊಮಿ ಅವರ ಪಾಡು ಇನ್ನೂ ವಿಚಿತ್ರ. 2019ರ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ಏರಿಕೆ ವಿರುದ್ಧದ ಪ್ರತಿಭಟನೆಗೆ ಇಡೀ ದೇಶದ ಇಂಟರ್ನೆಟ್ ಕಡಿದದ್ದಕ್ಕೆ ಅಮೆರಿಕ ಅವರ ಮೇಲೆ ನಿರ್ಬಂಧ ಹೇರಿತು. 2021ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಮುಚ್ಚಲಿಲ್ಲವೆಂದು ಅವರದೇ ದೇಶದ ಪ್ರಾಸಿಕ್ಯೂಟರ್ ಅವರನ್ನು ಕರೆಸಿ ವಿಚಾರಿಸಿ, ಜಾಮೀನಿನ ಮೇಲೆ ಬಿಟ್ಟರು.

2022ರ ಸೆಪ್ಟೆಂಬರ್‌ನಲ್ಲಿ, ಪೊಲೀಸ್ ವಶದಲ್ಲಿದ್ದ ಯುವತಿ ಮಹ್ಸಾ ಅಮೀನಿ ಸಾವಿನ ನಂತರದ ಪ್ರತಿಭಟನೆಗಳಲ್ಲಿ ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡೂ ಮುಚ್ಚಿದವು. ಆ ಹೊತ್ತಿಗೆ ಅಧ್ಯಕ್ಷ ಸ್ಥಾನವೂ ಸಂಪ್ರದಾಯವಾದಿಗಳ ಕೈಯಲ್ಲೇ ಇತ್ತು, ತಡೆಯುವವರು ಇರಲಿಲ್ಲ.

ಸುಧಾರಣಾವಾದಿ ಗೆದ್ದರೆ ಪರಿಸ್ಥಿತಿ ತಿಳಿಯಾಗುತ್ತದಲ್ಲ?

2024ರ ಅಧ್ಯಕ್ಷ ಚುನಾವಣೆಯಲ್ಲಿ ಸುಧಾರಣಾವಾದಿ ಪೆಜೆಶ್ಕಿಯಾನ್ ಫಿಲ್ಟರಿಂಗ್ ಸಡಿಲಿಸುವ ಮಾತು ಕೊಟ್ಟು ಗೆದ್ದರು. ಡಿಸೆಂಬರ್ 24ರಂದು ಸೈಬರ್‌ಸ್ಪೇಸ್ ಮಂಡಳಿ ವಾಟ್ಸಾಪ್ ಮತ್ತು ಗೂಗಲ್ ಪ್ಲೇ ತೆರೆಯಲು ಒಪ್ಪಿತು. ಟೆಲಿಗ್ರಾಂ, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮುಚ್ಚಿದಂತೆಯೇ ಉಳಿದವು. ಆರು ತಿಂಗಳು ಕಳೆದು 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ ಬಂದಾಗ ಸರ್ಕಾರಿ ಟಿವಿ ವಾಟ್ಸಾಪ್ ಅಳಿಸಿಹಾಕಿ ಎಂದು ಜನರಿಗೆ ಕರೆ ಕೊಟ್ಟಿತು, ಅಂತರರಾಷ್ಟ್ರೀಯ ಇಂಟರ್ನೆಟ್ ಹೆಚ್ಚುಕಡಿಮೆ ನಿಂತೇ ಹೋಯಿತು. ಚುನಾವಣೆಯಿಂದ ಮಾತಿನ ಧಾಟಿ ಬದಲಾಗುತ್ತದೆ, ಕೆಲವು ಬಾಗಿಲು ಅರ್ಧ ತೆರೆಯುತ್ತವೆ. ಐದು ವರ್ಷದ ಹೂಡಿಕೆಯ ಲೆಕ್ಕವನ್ನು ಅದರ ಮೇಲೆ ಕಟ್ಟಬೇಡಿ.

ಚೀನಾ ಕಂಪನಿಗಳು ಆರಾಮಾಗಿ ವ್ಯಾಪಾರ ಮಾಡುತ್ತಿವೆಯಲ್ಲ, ನಾವೂ ಮಾಡಿದರೇನು?

ಜೆಡ್‌ಟಿಇ 9.86 ಕೋಟಿ ಯೂರೋಗೆ ಇರಾನ್ ಟೆಲಿಕಾಂಗೆ ನಿಗಾ ವ್ಯವಸ್ಥೆಯೂ ಸೇರಿದ ಉಪಕರಣ ಮಾರಿದ್ದು 2012ರಲ್ಲಿ ಬಯಲಾಯಿತು. ಅವರನ್ನು ಸಿಕ್ಕಿಸಿದ್ದು ಪ್ಯಾಕಿಂಗ್ ಲಿಸ್ಟ್: ಪೆಟ್ಟಿಗೆಯೊಳಗೆ ಅಮೆರಿಕನ್ ಕಂಪನಿಗಳ ಹಾರ್ಡ್‌ವೇರ್, ಸಾಫ್ಟ್‌ವೇರ್ ಇದ್ದವು. 2017ರಲ್ಲಿ ತಪ್ಪೊಪ್ಪಿಕೊಂಡು 119 ಕೋಟಿ ಡಾಲರ್ ದಂಡಕ್ಕೆ ಒಪ್ಪಿದರು. 2018ರಲ್ಲಿ ಒಪ್ಪಂದ ಮುರಿದರೆಂದು ಅಮೆರಿಕ ಬಿಡಿಭಾಗ ಪೂರೈಕೆಯನ್ನೇ ನಿಲ್ಲಿಸಿದಾಗ ಕಂಪನಿ ವಾರಗಟ್ಟಲೆ ಸ್ತಬ್ಧವಾಯಿತು. ಹುವಾವೇಯ ಹಣಕಾಸು ಮುಖ್ಯಸ್ಥೆ ಮೆಂಗ್ ವಾನ್‌ಝೌ 2018ರ ಡಿಸೆಂಬರ್‌ನಲ್ಲಿ ವ್ಯಾಂಕೂವರ್‌ನಲ್ಲಿ ಬಂಧನವಾದದ್ದೂ ಇರಾನ್‌ನಲ್ಲಿ ವ್ಯವಹರಿಸುತ್ತಿದ್ದ ಸ್ಕೈಕಾಮ್ ಎಂಬ ಕಂಪನಿಯ ನಂಟನ್ನು ಬ್ಯಾಂಕಿಗೆ ಮರೆಮಾಚಿದ ಆರೋಪದ ಮೇಲೆ. ಅವರ ಬೆನ್ನಿಗೆ ಬೀಜಿಂಗ್ ಇತ್ತು. ಬೈಕಂಪಾಡಿಯ ಹತ್ತು ಜನರ ಕಂಪನಿಯ ಬೆನ್ನಿಗೆ ಯಾರಿದ್ದಾರೆ?

ಇರಾನಿನ ಕಂಪನಿಯೊಂದು ಸಾಫ್ಟ್‌ವೇರ್ ಕೆಲಸ ಕೊಡುತ್ತಿದೆ. ಏನೇನು ಪರೀಕ್ಷಿಸಬೇಕು?

ಮೊದಲು ಅವರ 11 ಅಂಕಿಯ ರಾಷ್ಟ್ರೀಯ ಕಂಪನಿ ಸಂಖ್ಯೆ ಕೇಳಿ. ಪರ್ಶಿಯನ್ ಹೆಸರನ್ನು ಇಂಗ್ಲಿಷಿನಲ್ಲಿ ಐದಾರು ರೀತಿ ಬರೆಯಬಹುದು, ಹೆಸರು ನಂಬಿ ಹುಡುಕಿದರೆ ತಪ್ಪುತ್ತದೆ, ಸಂಖ್ಯೆ ಒಂದೇ. ಆ ಸಂಖ್ಯೆ ಹಿಡಿದು ಇರಾನಿನ ಅಧಿಕೃತ ಗೆಜೆಟ್‌ನಲ್ಲಿ ನಿರ್ದೇಶಕರ ಬದಲಾವಣೆ, ಬಂಡವಾಳ ಏರಿಕೆಯ ಪ್ರಕಟಣೆಗಳನ್ನು ಪರ್ಶಿಯನ್ ಬಲ್ಲವರಿಂದ ಓದಿಸಿ. ಷೇರುಪೇಟೆಯ ಕಂಪನಿಯಾದರೆ ಕೊಡಾಲ್ ಎಂಬ ತಾಣದಲ್ಲಿ ದೊಡ್ಡ ಷೇರುದಾರರ ಪಟ್ಟಿ ಸಿಗುತ್ತದೆ. ನಿರ್ದೇಶಕ ವ್ಯಕ್ತಿಯ ಬದಲು ಇನ್ನೊಂದು ಕಂಪನಿಯಾಗಿದ್ದರೆ, ಅಲ್ಲಿ ಇದು ಮಾಮೂಲು, ಆ ಕಂಪನಿಯ ಸಂಖ್ಯೆಯನ್ನೂ ಹಿಡಿದು ಮೇಲೆ ಹತ್ತಿ. ಬೊನ್ಯಾದ್, ಪಿಂಚಣಿ ನಿಧಿ, ಸಹಕಾರ ಪ್ರತಿಷ್ಠಾನದ ಹೆಸರು ಬರುವವರೆಗೆ ನಿಲ್ಲಿಸಬೇಡಿ.

ಸಿಕ್ಕ ಪ್ರತಿ ಹೆಸರನ್ನೂ ಅಮೆರಿಕದ ನಿರ್ಬಂಧಗಳನ್ನು ನೋಡಿಕೊಳ್ಳುವ ಕಚೇರಿಯಾದ ಒಫ್ಯಾಕ್, ಯುರೋಪಿಯನ್ ಯೂನಿಯನ್ ಮತ್ತು ವಿಶ್ವಸಂಸ್ಥೆಯ ಪಟ್ಟಿಗಳಲ್ಲಿ ನೋಡಿ. ಒಫ್ಯಾಕ್‌ಗೆ ಶೇ. 50ರ ನಿಯಮವಿದೆ: ಪಟ್ಟಿಯಲ್ಲಿರುವವರ ಪಾಲುಗಳನ್ನು ಕೂಡಿಸಿ ಶೇ. 50 ಮುಟ್ಟಿದರೆ ಆ ಕಂಪನಿ ಹೆಸರಿಲ್ಲದೆಯೂ ಪಟ್ಟಿಯಲ್ಲಿದ್ದಂತೆ. ಒಬ್ಬರದು 30, ಇನ್ನೊಬ್ಬರದು 20 ಇದ್ದರೂ ಸಾಕು. ಶೇ. 49 ಎಂದು ಸಮಾಧಾನಪಡಲೂ ಬೇಡಿ. 2019ರ ಏಪ್ರಿಲ್‌ನಲ್ಲಿ ಗಾರ್ಡ್ಸ್ ಅನ್ನು ಅಮೆರಿಕ ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿದೆ, ಅವರಿಗೆ ನೆರವಾಗುವುದು ಅಲ್ಲಿ ಕ್ರಿಮಿನಲ್ ಅಪರಾಧ.

ನಮ್ಮ ಕಡೆಯ ಕಾಗದ ಬೇರೆ. ಸಾಫ್ಟ್‌ವೇರ್ ರಫ್ತಿಗೆ ಸಾಫ್ಟೆಕ್ಸ್ ಫಾರಂ, ಎನ್‌ಕ್ರಿಪ್ಶನ್ ಇದ್ದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಸ್ಕೋಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿಯ 8ನೇ ವರ್ಗ ನೋಡಬೇಕು. ಭಾರತದ ವಿದೇಶ ವ್ಯಾಪಾರ ನೀತಿಯಲ್ಲಿ ಇರಾನ್ ಬಗ್ಗೆ ವಿಶ್ವಸಂಸ್ಥೆಯ ನಿರ್ಣಯಗಳಿಗೆ ಕಟ್ಟಿದ ಪ್ರತ್ಯೇಕ ನಿಯಮವಿದೆ. ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಜಾರಿಯಾದವು. ಹಳೆಯ ಸಲಹೆ ಪತ್ರ ಕೈಯಲ್ಲಿದ್ದರೆ ಹೊಸದು ಬರೆಸಿಕೊಳ್ಳಿ.

ನಮ್ಮ ಗ್ರಾಹಕ ದುಬೈಯವ. ಇರಾನಿಗೂ ನಮಗೂ ಸಂಬಂಧವೇ ಇಲ್ಲ.

ಇರಬಹುದು. ಆದರೆ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬಾಯಿಬಿಡುತ್ತದೆ. ದುಬೈ ಸಮಯ ಗ್ರೀನಿಚ್‌ಗಿಂತ 4 ಗಂಟೆ ಮುಂದೆ, ತೆಹ್ರಾನ್ ಮೂರೂವರೆ. ಸರ್ವರ್ ಲಾಗ್‌ನಲ್ಲಿ ಆ ಅರ್ಧ ಗಂಟೆ ಕಂಡರೆ ನಿಲ್ಲಿ. ಜಲಾಲಿ ಕ್ಯಾಲೆಂಡರ್, ಅಂದರೆ ಇರಾನಿನ ಸೌರ ಹಿಜ್ರಿ ಪಂಚಾಂಗ, ಬೇಕು ಎಂದರೆ, ವರ್ಷ 1404 ಎಂದು ಬಂದರೆ, ಹಣಕಾಸು ವರ್ಷ ಮಾರ್ಚ್ 21ರ ಆಸುಪಾಸಿಗೆ ಶುರು ಎಂದರೆ, ವಾರದ ಮೊದಲ ದಿನ ಶನಿವಾರ ಎಂದರೆ ಕೇಳಿ. ಬ್ಯಾಂಕ್ ಖಾತೆಯ ಫೀಲ್ಡ್‌ನಲ್ಲಿ ಐ, ಆರ್ ಎಂಬ ಎರಡು ಅಕ್ಷರ ಮತ್ತು 24 ಅಂಕಿ ಎಂದು ವ್ಯಾಲಿಡೇಶನ್ ಬರೆಸಿದರೆ ಅದು ಇರಾನಿನ ಶೆಬಾ ಸಂಖ್ಯೆ, ಬೇರೇನೂ ಅಲ್ಲ. ಅಫ್ಘಾನಿಸ್ತಾನದಲ್ಲೂ ಸೌರ ಹಿಜ್ರಿ ಪಂಚಾಂಗ ಬಳಕೆಯಲ್ಲಿದ್ದುದರಿಂದ ಕ್ಯಾಲೆಂಡರ್ ಒಂದೇ ಸಾಕ್ಷಿಯಲ್ಲ. ಎರಡು ಮೂರು ಗುರುತು ಕೂಡಿದರೆ ಅಂತಿಮ ಬಳಕೆದಾರ ಯಾರೆಂದು ಲಿಖಿತವಾಗಿ ಕೇಳಿ. ಉತ್ತರ ತಡವಾದರೆ ಅದೇ ಉತ್ತರ.

ಹಣ ಹೇಗೆ ಬರುತ್ತದೆ?

ಕಷ್ಟದಲ್ಲಿ. ಡಾಲರ್ ಎಲ್ಲಿಂದ ಹೊರಟರೂ ಸಾಮಾನ್ಯವಾಗಿ ನ್ಯೂಯಾರ್ಕಿನ ಬ್ಯಾಂಕ್ ದಾಟಿ ಬರುತ್ತದೆ, ಅಲ್ಲೇ ಅಮೆರಿಕದ ಕಾನೂನು ಅಂಟಿಕೊಳ್ಳುತ್ತದೆ. 2012ರಿಂದ ಯುಕೋ ಬ್ಯಾಂಕಿನ ರೂಪಾಯಿ ಖಾತೆ ಒಂದು ದಾರಿಯಾಗಿತ್ತು. ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರಗಳು ಇರಾನ್ ತೈಲದ ಬೆಲೆಯ ಶೇ. 45ನ್ನು ಅಲ್ಲಿ ರೂಪಾಯಿಯಲ್ಲಿ ಕಟ್ಟುತ್ತಿದ್ದವು, ಅದೇ ಹಣದಿಂದ ನಮ್ಮ ಬಾಸ್ಮತಿ, ಚಹಾ ರಫ್ತುದಾರರಿಗೆ ಪಾವತಿಯಾಗುತ್ತಿತ್ತು. 2019ರ ಮೇನಲ್ಲಿ ಅಮೆರಿಕದ ವಿನಾಯಿತಿ ಮುಗಿದು ತೈಲ ನಿಂತಿತು. ತೈಲ ನಿಂತ ಮೇಲೆ ಖಾತೆಗೆ ಹೊಸ ಹಣ ಬರಲಿಲ್ಲ, ಇದ್ದದ್ದು ಕರಗುತ್ತಾ ಹೋಯಿತು, ರಫ್ತುದಾರರ ಬಾಕಿ ಬೆಳೆಯಿತು. 'ಶಾರ್ಜಾದ ಎಕ್ಸ್‌ಚೇಂಜ್‌ನಿಂದ ಹಾಕಿಸುತ್ತೇವೆ' ಎಂದರೆ ಒಪ್ಪಬೇಡಿ. ಇನ್‌ವಾಯ್ಸ್‌ನಲ್ಲಿ ಒಂದು ಹೆಸರು, ಹಣ ಹಾಕಿದ್ದು ಇನ್ನೊಂದು ಹೆಸರಾದರೆ ನಿಮ್ಮ ಬ್ಯಾಂಕ್ ಶಾಖೆಯೇ ಮೊದಲು ಖಾತೆ ತಡೆಯುತ್ತದೆ.

ತೆಹ್ರಾನ್‌ಗೆ ಹೋದ ಎಂಜಿನಿಯರ್ ಅಲ್ಲಿಂದ ಕಂಪನಿಯ ಕೋಡ್ ತೆರೆಯಬಹುದೇ?

ಬೇಡ. 2019ರ ಜುಲೈನಲ್ಲಿ ಗಿಟ್‌ಹಬ್ ಇರಾನ್ ಬಳಕೆದಾರರ ಖಾಸಗಿ ರೆಪೊಸಿಟರಿಗಳನ್ನು ತಡೆಹಿಡಿದಿತ್ತು. 2021ರ ಜನವರಿಯಲ್ಲಿ ಒಫ್ಯಾಕ್ ಪರವಾನಗಿ ಪಡೆದು ಮತ್ತೆ ತೆರೆಯಿತು. ಆದರೆ ಉಳಿದ ಕ್ಲೌಡ್, ಪೇಮೆಂಟ್ ಸೇವೆಗಳಿಗೆ ಆ ಪರವಾನಗಿ ಅನ್ವಯಿಸದು. ಇರಾನ್ ಐಪಿಯಿಂದ ಒಂದು ಲಾಗಿನ್ ಸಾಕು, ಮಂಗಳೂರಿನ ಇಡೀ ಟೀಮಿನ ಖಾತೆ ಪರಿಶೀಲನೆಗೆ ಬೀಳಬಹುದು. ಕೆಲಸದ ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ.

ಹಡಗು ಬಂದರ್ ಅಬ್ಬಾಸ್‌ಗೆ ಹೋಗುತ್ತದೆ. ಮನೆಗೆ ಫೋನ್ ಮಾಡುವುದು ಹೇಗೆ?

ಹೊರಡುವ ಮೊದಲೇ ಮನೆಯವರ ಜೊತೆ ಎರಡು ದಾರಿ ಗೊತ್ತುಮಾಡಿಕೊಳ್ಳಿ: ಒಂದು ಆ್ಯಪ್, ಇನ್ನೊಂದು ಸಾದಾ ಐಎಸ್‌ಡಿ ಕರೆ. ಇಂಟರ್ನೆಟ್ ಕಡಿದ ದಿನ ಯಾವ ಆ್ಯಪೂ ಉಪಯೋಗಕ್ಕೆ ಬಾರದು. ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯುವುದಿಲ್ಲ, ಸಿಮ್ ಕೊಳ್ಳಲು ನಗದು ಬೇಕು. ಹೊರಗಿನ ಹ್ಯಾಂಡ್‌ಸೆಟ್ ನೋಂದಣಿಯಾಗದಿದ್ದರೆ ಅಲ್ಲಿನ ಸಿಮ್ ಅದರಲ್ಲಿ ಹೆಚ್ಚು ದಿನ ಓಡುವುದಿಲ್ಲ. ಪರವಾನಗಿಯಿಲ್ಲದ ವಿಪಿಎನ್ ಬಳಕೆಯನ್ನು 2024ರ ಫೆಬ್ರವರಿಯಲ್ಲಿ ನಿಷೇಧಿಸಿದ್ದಾರೆ. ಊರಿನವರೆಲ್ಲ ಬಳಸುತ್ತಾರೆ ನಿಜ, ಆದರೆ ವಿದೇಶಿ ಪಾಸ್‌ಪೋರ್ಟಿನವನ ಲೆಕ್ಕ ಬೇರೆ. ಉಪಗ್ರಹ ಇಂಟರ್ನೆಟ್‌ನ ಸ್ಟಾರ್‌ಲಿಂಕ್ ಕಿಟ್ ಹಡಗಿನಿಂದ ಕೆಳಗಿಳಿಸಲೇಬೇಡಿ. 2025ರ ಯುದ್ಧದ ಬಳಿಕ ಅದನ್ನು ಬೇಹುಗಾರಿಕೆ ಕಾಯ್ದೆಯೊಳಗೆ ತಂದಿದ್ದಾರೆ, ಇಟ್ಟುಕೊಂಡದ್ದಕ್ಕೇ ಜೈಲು. ಹಡಗಿನಲ್ಲಿ ಅಳವಡಿಸಿದ್ದನ್ನು ಯಾವಾಗ ಆರಿಸಬೇಕೆಂದು ಕ್ಯಾಪ್ಟನ್ ಹತ್ತಿರ ಕೇಳಿ.

ಸ್ಥಳೀಯ ಏಜೆಂಟ್ ಹೇಳಿದ ದರ ಹತ್ತು ಪಟ್ಟು ಹೆಚ್ಚು ಕಮ್ಮಿ ಯಾಕೆ?

ಕಾಗದದಲ್ಲಿ ರಿಯಾಲ್, ಬಾಯಿಮಾತಿನಲ್ಲಿ ತೊಮಾನ್. ಒಂದು ತೊಮಾನ್ ಅಂದರೆ 10 ರಿಯಾಲ್. ಅದರ ಮೇಲೆ ಸರ್ಕಾರಿ ವಿನಿಮಯ ದರ ಒಂದು, ಪೇಟೆ ದರ ಇನ್ನೊಂದು, ಎರಡಕ್ಕೂ ಅಜಗಜಾಂತರ. ಯಾವ ಹಣ, ಯಾವ ದರ, ಯಾವ ದಿನದ್ದು ಎಂಬ ಮೂರನ್ನೂ ಬರೆಸಿಕೊಂಡೇ ಕೈಕುಲುಕಿ.